ಹಗೇವಿಗೆ ಇಳಿಬಿಟ್ಟ ಬೆಳಕು

1999ರಲ್ಲಿ ನಾನು ತಿಪಟೂರಿನ ಕೊಬ್ಬರಿ ದಲ್ಲಾಳಿ ಕೆಲಸವನ್ನು ತಮ್ಮನಿಗೆ ಒಪ್ಪಿಸಿ, ವಿದೇಶಿ ನೆರವಿನ ಒಂದು ಆಹಾರ ಭದ್ರತಾ ಯೋಜನೆಗೆ ಖರೀದಿ ಮೇಲ್ವಿಚಾರಕನಾಗಿ ಸೇರಿದೆ. ಓದಿದ್ದು ಏಳನೇ ಕ್ಲಾಸು. ಕಾಯಿ ಸುಲಿಯುವ ಕೂಲಿಯಿಂದ ಶುರುಮಾಡಿ ಮಂಡಿಯಲ್ಲಿ ಜಾಗ ಹಿಡಿದವನು. ಸಂದರ್ಶನದಲ್ಲೇ ಪೆಟ್ರೋಲ್ ಖರ್ಚಿಗೂ ಚೌಕಾಸಿ ಮಾಡಿದೆ. ಕೆಲಸಕ್ಕೆ ಸೇರುವ ಹುಡುಗರಿಗೆ ಈಗಲೂ ಹೇಳುತ್ತೇನೆ, ಕೇಳುವುದನ್ನು ಮೊದಲ ದಿನವೇ ಕೇಳಿಬಿಡಿ.

ಅದಕ್ಕೆ ಮೂರು ವರ್ಷ ಮೊದಲು ರೋಮ್ ನಗರದಲ್ಲಿ ದೇಶದೇಶಗಳ ಮುಖಂಡರು ಸೇರಿ, ಜಗತ್ತಿನ ಹಸಿದವರ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವುದಾಗಿ ಮಾತು ಕೊಟ್ಟಿದ್ದರು. ಆ ಮಾತು ಕಚೇರಿಯಿಂದ ಕಚೇರಿಗೆ ಇಳಿದು ನಮ್ಮ ಕಡೆ ಬರುವ ಹೊತ್ತಿಗೆ ‘ಸಮುದಾಯ ಧಾನ್ಯ ಬ್ಯಾಂಕ್’ ಆಗಿತ್ತು. ಅಂದರೆ, ಸುಗ್ಗಿಯಲ್ಲಿ ರಾಗಿಯನ್ನು ಕೊಂಡು ಊರಲ್ಲೇ ಕೂಡಿಟ್ಟು, ಕೈ ಬರಿದಾದ ತಿಂಗಳುಗಳಲ್ಲಿ ಮನೆಮನೆಗೆ ಕೊಡುವುದು. ಮುಂದಿನ ಸುಗ್ಗಿಗೆ ಅವರು ಅಷ್ಟನ್ನೇ ತಿರುಗಿ ಅಳೆಯುವುದು. ನಮ್ಮ ಸೀಮೆಗೆ ಇದು ಬೇಕೇ ಬೇಕಾಗಿತ್ತು. ತೆಂಗು ಹಾಕಿದವರು ರಾಗಿ ಹೊಲ ಬಿಟ್ಟಿದ್ದರು. ತೋಟವಿಲ್ಲದವರು ಅಂಗಡಿ ಧಾನ್ಯ ನಂಬಿಕೊಂಡಿದ್ದರು. ಅವರ ಮಕ್ಕಳ ಸಣಕಲು ತೋಳು ನೋಡಿದರೇ ಗೊತ್ತಾಗುತ್ತಿತ್ತು.

ಶೆಟ್ಟಿಕೆರೆ ಕಡೆಯ, ಕುರಿ ಸಾಕುವವರ ಒಂದು ಹಟ್ಟಿ ನನ್ನ ಪಾಲಿಗೆ ಬಂತು. ಅಲ್ಲಿ ಗೋದಾಮಿಲ್ಲ, ಆದರೆ ಹಳೆಯ ಹಗೇವು ಇತ್ತು. ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ ಧಾನ್ಯದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನಮ್ಮ ಯೋಜನಾಧಿಕಾರಿ ಮೇಡಂ ಅದನ್ನು ನೋಡಿ ಹಿಗ್ಗಿದರು. ವಿದೇಶದ ಕಚೇರಿಗೆ ಕಳಿಸುವ ಕೈಪಿಡಿಯಲ್ಲಿ ‘ಸ್ಥಳೀಯ ಜ್ಞಾನ’ ಎಂದು ಒಂದು ಅಧ್ಯಾಯವನ್ನೇ ಬರೆದರು.

ಹಟ್ಟಿಯ ಧಾನ್ಯ ಬ್ಯಾಂಕ್ ಸಮಿತಿಗೆ ರಂಗಸ್ವಾಮಿ ಅಧ್ಯಕ್ಷ. ಹೆಂಡತಿ ಜಯಮ್ಮ, ಒಬ್ಬಳು ಸಣ್ಣ ಮಗಳು. ವ್ಯಾಪಾರದಲ್ಲಿ ನನಗೆ ಸರಿಸಮನಾದ ಆಸಾಮಿ. ಅವನ ರಾಗಿಗೆ ನಾನು ರೇಟು ಇಳಿಸಲು ನೋಡಿದಾಗ ನಕ್ಕುಬಿಟ್ಟ.

“ಅಣ್ಣ, ಕೊಬ್ಬರಿ ಆಗೈತಾ ಅಂತ ಕಾಯಿ ಕುಲುಕಿ ನೋಡ್ದಂಗೆ ನಮ್ಮನ್ನ ಕುಲುಕಬ್ಯಾಡ. ಒಳಗೇನೂ ಅಲ್ಲಾಡಕಿಲ್ಲ ಕಣಪ್ಪ.”

ಅವನು ಕೇಳಿದ ರೇಟೇ ಕೊಟ್ಟೆ. ಆ ಸುಗ್ಗಿಯಲ್ಲಿ ಹಗೇವು ತುಂಬಿತು.

ಮುಂದಿನ ಮುಂಗಾರಿಗೆ ಹಟ್ಟಿಯ ಮನೆಗಳಲ್ಲಿ ರಾಗಿ ಮುಗಿಯಿತು. ಹಗೇವು ತೆಗೆಯುವ ದಿನ ನಾನು ಖಾಲಿ ಚೀಲ ತರಲು ತಿಪಟೂರಿಗೆ ಹೋಗಿದ್ದೆ. ಆಮೇಲೆ ಅಲ್ಲಿದ್ದವರು ಹೇಳಿದ್ದು ಇಷ್ಟು. ಕಲ್ಲು ಸರಿಸಿದ ಮೇಲೆ ಬೆಳಕು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಒಳಗೆ ಇಳಿಯಬೇಕೆಂಬ ಪದ್ಧತಿ ಎಲ್ಲರಿಗೂ ನೆನಪಿತ್ತು. ಹಗೇವು ಬಳಕೆ ತಪ್ಪಿ ಎಷ್ಟೋ ಕಾಲವಾಗಿದ್ದರಿಂದ, ಯಾಕೆ ಎಂಬುದು ಯಾರಿಗೂ ನೆನಪಿರಲಿಲ್ಲ. ಕಂದೀಲಿಗೆ ಸೀಮೆಎಣ್ಣೆ ಇರಲಿಲ್ಲ. ಯೋಜನೆಯವರು ಸಮಿತಿಗೆ ಕೊಟ್ಟಿದ್ದ ದೊಡ್ಡ ಬ್ಯಾಟರಿ ಟಾರ್ಚು ಇತ್ತು. ಅದನ್ನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ರಂಗಸ್ವಾಮಿ ಬಗ್ಗಿ ನೋಡಿದ.

“ಬೆಳಕು ಹಂಗೇ ಐತೆ, ಆರಿಲ್ಲ. ಇಳೀತೀನಿ ಬುಡು.”

ಕಾರಣ ನಾನು ಕೇಳಿ ತಿಳಿದದ್ದು ಆಮೇಲೆ: ಮುಚ್ಚಿದ ಹಗೇವಿನಲ್ಲಿ ಧಾನ್ಯವೇ ಉಸಿರಾಡಿ ಆಕ್ಸಿಜನ್ ತೀರಿಸಿ, ಕಾರ್ಬನ್ ಡೈಆಕ್ಸೈಡ್ ತುಂಬಿಸುತ್ತದೆ. ಹುಳ ಸಾಯುವುದೂ ರಾಗಿ ಕೆಡದೆ ಉಳಿಯುವುದೂ ಅದರಿಂದಲೇ. ಅಂಥ ಗಾಳಿಯಲ್ಲಿ ಬೆಂಕಿ ಆರುತ್ತದೆ. ಬ್ಯಾಟರಿಗೆ ಗಾಳಿಯ ಹಂಗಿಲ್ಲ.

ಇಳಿದವನು ಮತ್ತೆ ಓಗೊಡಲಿಲ್ಲ. ಹಿಂದೆಯೇ ಇಳಿಯಲು ಕಾಲಿಟ್ಟ ಅವನ ತಮ್ಮನನ್ನು ಹೆಂಗಸರು ಅಂಗಿ ಹಿಡಿದು ಎಳೆದರು. ಕೊನೆಗೆ ಬಾವಿಗೆ ಬಿದ್ದ ಬಿಂದಿಗೆ ತೆಗೆಯುವ ಪಾತಾಳಗರಡಿ ಬಿಟ್ಟು, ಬಟ್ಟೆಗೆ ಸಿಕ್ಕಿಸಿ ಅವನನ್ನು ಮೇಲೆ ತಂದರಂತೆ. ನಾನು ಚೀಲ ಹೇರಿಕೊಂಡು ಬರುವಾಗ ಅವನನ್ನು ಹುಣಸೆ ಮರದಡಿ ಮಲಗಿಸಿದ್ದರು. ಹಗೇವಿನ ಬಾಯಿಗೆ ಬಗ್ಗಿ ನೋಡಿದೆ. ಗುಂಡಿಯೊಳಗೆ ಬ್ಯಾಟರಿ ಇನ್ನೂ ಉರಿಯುತ್ತಿತ್ತು.

ಕಾರ್ಯ ಮುಗಿದ ಮೇಲೆ ಹಟ್ಟಿಯವರು ಸೇರಿ, ಈ ರಾಗಿ ತಿನ್ನುವುದು ಬೇಡ, ಹಗೇವಿಗೆ ಮಣ್ಣು ಎಳೆದುಬಿಡೋಣ ಅಂದರು. ನನಗೂ ಅದೇ ಸರಿ ಅನ್ನಿಸಿತು. ಜಯಮ್ಮ ಮಗಳ ಕೈ ಹಿಡಿದುಕೊಂಡು ಬಂದಳು.

“ಇವಳಪ್ಪ ಇಳಿದಿದ್ದು ಈ ರಾಗಿಗೆ ತಾನೇ, ಅಣ್ಣ? ಇದನ್ನೂ ಮಣ್ಣು ಮಾಡ್ತೀರಾ?”

ಹಗೇವಿನ ಬಾಯಿ ತೆರೆದಿಟ್ಟು, ಬೇಕಾದಷ್ಟು ಗಾಳಿಯಾಡಿಸಿ, ಕಂದೀಲು ಬಿಟ್ಟು ನೋಡಿ ರಾಗಿ ತೆಗೆದೆವು. ಅವಳೊಬ್ಬಳೇ ತನ್ನ ಪಾಲು ಹೊತ್ತುಕೊಂಡು ಹೋದಳು. ಉಳಿದದ್ದು ದನದ ತಿಂಡಿಗೆಂದು ಚಿಕ್ಕನಾಯಕನಹಳ್ಳಿಗೆ ಹೋಯಿತು. ಕೊಳ್ಳುವವನು ಹೇಳಿದ ರೇಟಿಗೆ ನಾನು ತಲೆ ಆಡಿಸಿದೆ.

ಚೌಕಾಸಿ ಮಾಡಿದ್ದು ಮೇಡಂ ಹತ್ತಿರ. ಕೈಪಿಡಿಯಲ್ಲಿ ಒಂದೇ ಒಂದು ಸಾಲು ಸೇರಿಸಿ, ಬೆಂಕಿಯ ದೀಪವನ್ನೇ ಬಿಡಬೇಕು, ಯಾಕೆಂದರೆ ಹೀಗೆ ಅಂತ ಬರೆಯಿರಿ ಎಂದೆ. ಅವರು ಕೆಟ್ಟವರಲ್ಲ, ಸಾವಿನ ಸುದ್ದಿಗೆ ಅತ್ತಿದ್ದರು. ಆದರೆ ಆ ಅಧ್ಯಾಯವನ್ನೇ ಕೈಬಿಡಬೇಕೆಂದು ಮೇಲಿಂದ ಹೇಳಿದ್ದರು.

“ಪುಸ್ತಕದಿಂದ ತೆಗೆದ್ರೆ ಗುಂಡಿ ನೆಲದಿಂದ ಹೋಗ್ತದಾ ಮೇಡಂ?” ಎಂದು ಕೇಳಿದೆ. ಅಧ್ಯಾಯ ಹೋಯಿತು, ಧಾನ್ಯ ಬ್ಯಾಂಕೂ ಹೋಯಿತು. ಹಗೇವುಗಳು ಮಾತ್ರ ಇದ್ದಲ್ಲೇ ಇದ್ದವು. ಬದುಕಿನಲ್ಲಿ ನಾನು ಪೂರಾ ಸೋತ ವ್ಯಾಪಾರ ಅದೊಂದೇ.

ಹೊನ್ನವಳ್ಳಿಯಿಂದ ಹುಳಿಯಾರಿನವರೆಗೆ ಹಗೇವು ಇರುವ ಊರುಗಳನ್ನು ಸುತ್ತಿ ನಾನೇ ಹೇಳಿದೆ: ಒಂದು ಹಗಲು ಬಾಯಿ ತೆರೆದಿಡಿ, ಬೆಂಕಿಯ ದೀಪ ಬಿಡಿ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಆದಷ್ಟೂ ಇಳಿಯದೆ ಮೇಲಿಂದಲೇ ತೋಡಿಕೊಳ್ಳಿ. ಜನರ ಆಹಾರಕ್ಕೆ ನೀತಿ ಬರೆಯುವವರಿಗೂ ಒಂದು ಮಾತಿದೆ. ಹಳೆಯ ಪದ್ಧತಿಯನ್ನು ಮತ್ತೆ ತರುವಾಗ ಹೇಗೆ ಮಾಡುತ್ತಿದ್ದರು ಎಂದು ಕೇಳಿ ಸುಮ್ಮನಾಗಬೇಡಿ. ಯಾಕೆ ಎಂದೂ ಕೇಳಿ, ಗೊತ್ತಿರುವವರು ಸಿಗುವವರೆಗೆ ಕೇಳಿ. ರಂಗಸ್ವಾಮಿ ಉಡಾಫೆಯ ಮನುಷ್ಯನಾಗಿರಲಿಲ್ಲ. ಹಿರಿಯರು ಹೇಳಿದ್ದನ್ನು ಮಾಡಿಯೇ ಇಳಿದಿದ್ದ.