ಅತ್ತೆ ನಡೆಸಿದ ಎರಡು ತಿಂಗಳು

ಕಳೆದ ವಾರ ರೇಷನ್ ಕಾರ್ಡು ಹುಡುಕಲು ಬೀರು ತೆಗೆದಾಗ ಬಟ್ಟೆಗಳ ಅಡಿಯಿಂದ ನನ್ನ ಹಳೆಯ ಸೊಂಟದ ಬೆಲ್ಟು ಜಾರಿ ಬಿತ್ತು. ಅದರ ಪಟ್ಟಿ ಎಳೆದರೆ ಈಗಲೂ ಬಟ್ಟೆ ಹರಿದ ಹಾಗೆ ಪರ್ರೆನ್ನುತ್ತದೆ. ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ, "ಏನು, ತಿರುಗಾ ಸೊಂಟ ಇಡ್ಕಂತಾ?" ಎಂದು ಕೂಗಿದಳು. ಇಲ್ಲವೆಂದೆ. ಆದರೂ ಬೆಲ್ಟು ಹಿಡಿದುಕೊಂಡು ಅಲ್ಲೇ ಕುಳಿತೆ. ನೋವಿನೆಣ್ಣೆಯ ವಾಸನೆ ಅದರಿಂದ ಇನ್ನೂ ಹೋಗಿರಲಿಲ್ಲ. ಆ ವಾಸನೆಯ ಹಿಂದೆಯೇ ಮಾದಮ್ಮತ್ತೆ ನೆನಪಾದಳು. ನನ್ನ ಅಪ್ಪನ ತಂಗಿ ಅವಳು, ಮೆಟ್ಟೂರಿನಾಚೆಯ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡು ಇರುವವಳು.

ನಾನು ಶಂಕಗಿರಿಯ ಒಂದು ಲಾರಿ ಬುಕಿಂಗ್ ಆಫೀಸಿನ ಗುಮಾಸ್ತ. ನಾನು ಚೀಟಿ ಬರೆದ ಲಾರಿಗಳು ಗುಜರಾತು, ಅಸ್ಸಾಮು ಎಂದು ದೇಶವನ್ನೆಲ್ಲ ಸುತ್ತಿ ಬಂದಿವೆ. ನಾನು ಮಾತ್ರ ಇಪ್ಪತ್ತೈದು ವರ್ಷ ಒಂದೇ ಕುರ್ಚಿಯಲ್ಲಿದ್ದೆ. ಕುರ್ಚಿಯ ಕಾಲು ಎರಡು ಸಲ ಬದಲಾಯಿತು. ನನ್ನ ಕಾಲು ಬದಲಾಯಿಸುವ ಹಾಗಿರಲಿಲ್ಲವಲ್ಲ! ನಾಲ್ಕು ವರ್ಷದ ಹಿಂದೆ ಐದು ನಿಮಿಷ ನಿಂತರೆ ಸಾಕು, ಸೊಂಟದಿಂದ ಪಾದದವರೆಗೆ ಬಲಗಾಲು ಜೋಮು ಹಿಡಿಯತೊಡಗಿತು. ಬಸ್ ಸ್ಟ್ಯಾಂಡಿನಿಂದ ಆಫೀಸಿಗೆ ಹೋಗುವಷ್ಟರಲ್ಲಿ ಮೂರು ಟೀ ಅಂಗಡಿಗಳಲ್ಲಿ ಕೂರಬೇಕಾಗುತ್ತಿತ್ತು. ಸುಮ್ಮನೆ ಕೂತರೆ ಮರ್ಯಾದೆ ಅಲ್ಲವೆಂದು ಮೂರು ಕಡೆಯೂ ಸಕ್ಕರೆ ಹಾಕಿದ ಟೀ ಕುಡಿಯುತ್ತಿದ್ದೆ. ಸಕ್ಕರೆ ಕಾಯಿಲೆ ಅದಾಗಲೇ ಇತ್ತು.

ಸೇಲಂನ ಡಾಕ್ಟರು ಸ್ಕ್ಯಾನ್ ನೋಡಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು. ಸೊಂಟದಲ್ಲಿ ನರ ಹಾಯುವ ದಾರಿ ಕಿರಿದಾಗಿದೆ, ಆಪರೇಷನ್ ಬೇಕು, ಆದರೆ ಇವತ್ತೇ ಬೇಡ ಎಂದರು. ಎರಡು ತಿಂಗಳಲ್ಲಿ ಶುಗರ್ ಇಳಿಯಬೇಕು, ಬೀಡಿ ಬಿಡಬೇಕು, ಆದಷ್ಟು ನಡೆಯಬೇಕು. ಕಾಲಿನ ಬಲ ಕಡಿಮೆಯಾದರೆ ಮಾತ್ರ ತಕ್ಷಣ ಓಡಿ ಬರಬೇಕು. "ಆಪರೇಷನ್ ಎನ್ ವೇಲೈ. ಎಳುಂದು ನಡಕ್ಕಿರದು ಉಂಗ ವೇಲೈ" ಎಂದು ಕೈ ತೊಳೆಯಲು ಹೋದರು. ಕತ್ತರಿಸುವುದು ಅವರ ಕೆಲಸ, ಎದ್ದು ನಡೆಯುವುದು ನನ್ನದು! ನಡೆಯಲಾಗದೆ ತಾನೇ ಇವರ ಹತ್ತಿರ ಬಂದದ್ದು ಎಂದು ಗೊಣಗಿಕೊಂಡು ಮನೆಗೆ ಬಂದು ಮಲಗಿಬಿಟ್ಟೆ. ಎರಡು ತಿಂಗಳು ರೆಸ್ಟ್ ತೆಗೆದುಕೊಂಡರೆ ಮೈ ತಾನೇ ಗಟ್ಟಿಯಾಗುತ್ತದೆ ಎಂಬುದು ನನ್ನ ಲೆಕ್ಕ.

ಹೆಂಡತಿ ಫೋನಿನಲ್ಲಿ ಯಾರಿಗೆ ಏನು ಹೇಳಿದಳೋ, ಮೂರನೆಯ ದಿನ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಎಪ್ಪತ್ತು ವರ್ಷದವಳು, ಎರಡು ಬಸ್ಸು ಹಿಡಿದು ಬಂದಿದ್ದಳು.

"ಏಳ್ಲಾ. ಬಟ್ಟೆ ಎತ್ಕೊ. ನಮ್ಮೂರ್ಗೆ ಓಗಾನ."

"ಅತ್ತೆ, ಡಾಕ್ಟ್ರು ರೆಸ್ಟು..."

"ಡಾಕ್ಟ್ರು ಏನಂದ್ರು ಅಂತ ನಿನ್ನೆಂಡ್ತಿ ಯೋಳವ್ಳೆ. ಏಳು."

ಹೀಗೆ ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಕುರಿ ಮಂದೆಗೆ ಸೇರಿದೆ. ಕುರಿಗಳ ಜೊತೆ ನಡೆಯುವುದರಲ್ಲಿ ಒಂದು ಅನುಕೂಲವಿದೆ. ಅವು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತವೆ, ನಾವು ನಿಂತರೆ ಯಾರೂ ನಗುವುದಿಲ್ಲ. ಅತ್ತೆ ನನಗೊಂದು ಉದ್ದನೆಯ ಕೋಲು ಕೊಟ್ಟಿದ್ದಳು. ಅದರ ಮೇಲೆ ಎರಡೂ ಕೈಯೂರಿ ಮುಂದಕ್ಕೆ ಬಾಗಿ ನಿಂತರೆ ಕಾಲಿನ ಜೋಮು ಮೆಲ್ಲಗೆ ಇಳಿಯುತ್ತಿತ್ತು. ಮೊದಲ ದಿನ ಊರ ಮುಂದಿನ ಬೇವಿನ ಮರದವರೆಗೆ ಹೋದೆವು. ವಾರ ಕಳೆದಾಗ ಕೆರೆಯ ಏರಿ ಮುಟ್ಟಿದ್ದೆವು. ಬೀಡಿಯನ್ನು ಅವಳು ಬೇಡವೆನ್ನಲಿಲ್ಲ. ಅಂಗಡಿಗೆ ನೀನೇ ನಡೆದುಹೋಗಿ ಒಂದೇ ಒಂದು ತೆಗೆದುಕೋ ಎಂದಳು. ಅಂಗಡಿ ಮುಕ್ಕಾಲು ಮೈಲಿ ದೂರ, ಬಿಸಿಲು ಬೇರೆ. ಮೂರನೆಯ ವಾರದ ಹೊತ್ತಿಗೆ ಬೀಡಿಯ ಆಸೆಗಿಂತ ಸೋಮಾರಿತನವೇ ದೊಡ್ಡದಾಯಿತು. ನನ್ನ ಸೋಮಾರಿತನದಿಂದ ನನಗೆ ಉಪಕಾರವಾದದ್ದು ಅದೊಂದೇ ಸಲ.

ಸಂಜೆಯಾದರೆ, ಆಸ್ಪತ್ರೆಯವರು ಚೀಟಿಯಲ್ಲಿ ಚಿತ್ರ ಬರೆದುಕೊಟ್ಟಿದ್ದ ವ್ಯಾಯಾಮ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತಬೇಕು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, "ಈಯೋ ಕುರಿ ಒದ್ದಾಡ್ದಂಗೈತೆ ಕಣ್ಲಾ" ಎಂದು ನಗುತ್ತಿದ್ದಳು. ನಕ್ಕರೂ ಒಂದು ಸಲವೂ ಕಡಿಮೆ ಮಾಡಲು ಬಿಡುತ್ತಿರಲಿಲ್ಲ.

ಒಂದು ದಿನ ಏರಿಯ ಮೇಲೆ ನೋವು ತಡೆಯಲಾಗದೆ ಕೋಲು ಎಸೆದು ಕೂತುಬಿಟ್ಟೆ. "ನಂಗಾಗಲ್ಲ, ಬುಟ್ಬುಡು. ನನ್ ನೋವು ನಿಂಗೇನ್ ಗೊತ್ತು?" ಎಂದು ಕಿರುಚಿದೆ. ಅತ್ತೆ ಬೈಯಲಿಲ್ಲ. ಕೋಲು ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.

"ನಿಮ್ಮಾವಂಗೂ ಇದೇ ಆಗಿತ್ತು. ಗೊತ್ತಲ್ಲ?"

ಮಾವನಿಗೆ ಸೊಂಟದ ಆಪರೇಷನ್ ಆದದ್ದು ಗೊತ್ತಿತ್ತು. ಅದಕ್ಕೆ ಮುಂಚಿನದು ಗೊತ್ತಿರಲಿಲ್ಲ.

"ನೋವು ಅಂದ್ರು. ಒಂದ್ ವರ್ಸ ನಾನೇ ಮಲಗ್ಸ್ದೆ. ಉಣ್ಣಕ್ಕೂ ಎಬ್ಬುಸ್ನಿಲ್ಲ, ತುತ್ತು ಮಾಡಿ ತಿನ್ಸ್ದೆ. ಪ್ರೀತಿ ಅನ್ಕಂಡಿದ್ದೆ. ಆಪರೇಷನ್ ಸರಿಯಾಗೈತೆ ಅಂದ್ರು ಡಾಕ್ಟ್ರು. ಆದ್ರೆ ಕಾಲ್ನಾಗೆ ಸತ್ವನೇ ಇರ್ನಿಲ್ಲ. ಕಡ್ಡಿ ಆಗೋಗಿತ್ತು. ಕಡೆತಂಕ ಇತ್ತಿಲು ದಾಟ್ನಿಲ್ಲ."

"ನೀನ್ ಮಲಗಿಸಿದ್ದಕ್ಕೇ ಅಂಗಾಯ್ತು ಅಂತ ಯಾರಂದ್ರತ್ತೆ?"

"ಯಾರೂ ಅನ್ನಿಲ್ಲ. ಅದಕ್ಕೇ ಇಷ್ಟ್ ದಿನ ಒಳಗೇ ಇಟ್ಕಂಡಿವ್ನಿ."

ಕುರಿಗಳು ಏರಿ ಇಳಿದು ಹೋಗುತ್ತಿದ್ದವು. ನಾನು ಕೈ ಚಾಚಿದೆ, ಅವಳು ಕೋಲು ಕೊಟ್ಟಳು. ಆವತ್ತಿನಿಂದ ನಾನು ಎದುರಾಡಲಿಲ್ಲ. ನನಗಾಗಿ ನಡೆಯುವುದು ಎಷ್ಟೋ, ಅವಳಿಗಾಗಿ ನಡೆಯುವುದು ಎಷ್ಟೋ, ಎರಡೂ ಕಲೆತುಹೋಗಿದ್ದವು.

ಎರಡು ತಿಂಗಳ ಮೇಲೆ ಡಾಕ್ಟರು ರಕ್ತದ ರಿಪೋರ್ಟು ನೋಡಿ ಮೊದಲ ಸಲ ನಕ್ಕರು. ಆಪರೇಷನ್ನಾದ ಮರುದಿನ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಬಂದು ತೋಳು ಹಿಡಿದು ನಿಲ್ಲಿಸಿದಳು. ಹೊಲಿಗೆ ಸುಡುತ್ತಿತ್ತು, ತಲೆ ಸುತ್ತುತ್ತಿತ್ತು, ಆದರೆ ತೊಡೆಗಳು ಹಿಡಿದು ನಿಂತವು. ವಾರ್ಡಿನ ಬಾಗಿಲವರೆಗೆ ಹೋದೆ. ಅಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕರೆದರೆ, "ಇರು, ಕಣ್ಗೆ ಏನೋ ಬಿತ್ತು" ಎಂದಳು. ಎಲ್ಲವೂ ನೆಟ್ಟಗಾಯಿತೆಂದು ಹೇಳಲಾರೆ. ಬಲಗಾಲಿನ ಕಿರುಬೆರಳು ಇವತ್ತಿಗೂ ಜೋಮು, ಭಾರ ಎತ್ತುವ ಹಾಗಿಲ್ಲ. ಆದರೆ ಮೂರನೆಯ ತಿಂಗಳಿಗೆ ಬಸ್ ಸ್ಟ್ಯಾಂಡಿನಿಂದ ಆಫೀಸಿಗೆ ಎಲ್ಲೂ ಕೂರದೆ ನಡೆದುಹೋದೆ. ಟೀ ಅಂಗಡಿಯ ಮೂವರಿಗೂ ಬೇಜಾರಾಯಿತು.

ಇದನ್ನೆಲ್ಲ ನಿಮಗೆ ಹೇಳಿಕೊಳ್ಳಲು ಕಾರಣ, ಬೆಲ್ಟು ಸಿಕ್ಕ ಮಾರನೆಯ ದಿನವೇ ಅತ್ತೆಯ ಮಗಳು ಲಕ್ಷ್ಮಿ ಫೋನ್ ಮಾಡಿದಳು. "ಬಾವ, ಅವ್ವಂಗೂ ಸೊಂಟದ್ ಆಪರೇಷನ್ ಅಂದವ್ರೆ, ಮುಂದಿನ್ ತಿಂಗ್ಳು. ಅಲ್ಲಿತಂಕ ನಡೆಸ್ರಿ ಅಂದ್ರು ಡಾಕ್ಟ್ರು. ಪಾಪ, ನೋವಲ್ವಾ, ನಾವೇ ಮಲಗ್ಸಿವಿ."

ನಿನ್ನೆ ಹೋದೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ವಯಸ್ಸಾಯ್ತಲ್ಲಾ ನಂಗೆ, ಇನ್ಯಾಕೆ" ಎಂದಳು. ನಾನು ಚಪ್ಪಲಿ ತಂದು ಅವಳ ಕಾಲಿಗೆ ಹಾಕಿದೆ. ಅವಳು ಅದನ್ನು ನೋಡಿದಳು. ಆಮೇಲೆ ನನ್ನ ಹೆಗಲು ಹಿಡಿದು ಎದ್ದಳು. ಬೀದಿಯಲ್ಲಿ ಎರಡು ಮನೆ ದಾಟಿದೆವು, ನಿಂತೆವು, ಮತ್ತೆ ಒಂದು ಮನೆ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತಿ, "ಎಂಗ ಪೋರೀಂಗ, ಪಾಟ್ಟಿ?" ಎಂದು ಅಜ್ಜಿಯ ಸವಾರಿ ಎಲ್ಲಿಗೆಂದು ವಿಚಾರಿಸಿದಳು.

ಅತ್ತೆ ಉಸಿರು ಎಳೆದುಕೊಂಡು ನೆಟ್ಟಗೆ ನಿಂತಳು.

"ಆಪರೇಷನ್ಗೆ" ಎಂದಳು.