ಸಾಬರ ಚಪ್ಪಲಿ ಅಂಗಡಿ

ನನ್ನ ಅಪ್ಪ ಕನ್ನಡ ಹೇಗೆ ಮಾತಾಡುತ್ತಾರೆ ಎನ್ನುವುದು ಕೊಪ್ಪದ ಜನರಿಗೆ ಮರೆತೇಹೋಗಿದೆ. ಅವರು ಈ ಊರಲ್ಲೇ ಹುಟ್ಟಿದವರು, ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಓದಿದವರು, ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡು ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಕಣ್ಣು ಮುಚ್ಚಿ ಕೇಳಿದರೆ ಅವರ ಕನ್ನಡಕ್ಕೂ ಪಕ್ಕದ ದಿನಸಿ ಅಂಗಡಿಯವರ ಕನ್ನಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ನಿಧಾನ, ಅದೇ ಮಾರಾಯ, ಅದೇ ಎಂತ. ಮನೆಯೊಳಗೆ ನಾವು ಬ್ಯಾರಿ ಭಾಷೆ ಮಾತಾಡುತ್ತೇವೆ, ಅಪ್ಪನನ್ನು ಬಾಪ ಎನ್ನುತ್ತೇವೆ, ಹೊಸ್ತಿಲು ದಾಟಿದರೆ ಮಲೆನಾಡಿನ ಕನ್ನಡ. ಉರ್ದು ನಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನ ಭರದಲ್ಲಿ ಬಿಟ್ಟುಹೋಗಬಾರದು.

ನಾನು ಭಾನುವಾರಗಳಲ್ಲಿ ಸಣ್ಣಪುಟ್ಟ ವೇದಿಕೆ ಹತ್ತಿ ಸ್ಟ್ಯಾಂಡ್ ಅಪ್ ಕಾಮಿಡಿ ಮಾಡುತ್ತೇನೆ. ಉಳಿದ ದಿನ ಊರಲ್ಲೇ ಬೈಕ್ ಶೋರೂಮಿನಲ್ಲಿ ಕೆಲಸ. ಶಿವಮೊಗ್ಗದ ಒಂದು ಕೆಫೆಯಲ್ಲಿ ಆಗಾಗ ಅವಕಾಶ ಸಿಗುತ್ತದೆ. ಅಲ್ಲಿ ಸ್ಟ್ಯಾಂಡ್ ಅಪ್ ಅಂದರೆ ಅರ್ಥವಾಗುತ್ತದೆ. ನಮ್ಮ ಕಡೆ ಸಂಘಸಂಸ್ಥೆಯವರು ಫೋನ್ ಮಾಡಿ ಮೊದಲು ಕೇಳುವುದು ಮಿಮಿಕ್ರಿ ಬರುತ್ತದಾ ಎಂದು. ಬರುವುದಿಲ್ಲ ಎಂದರೆ ಮತ್ತೆ ಎಂತ ಮಾಡ್ತೀರಿ ಎನ್ನುತ್ತಾರೆ. ಮಾತಾಡುತ್ತೇನೆ ಎಂದರೆ, ಭಾಷಣಕ್ಕೆ ಬೇರೆಯವರು ಇದ್ದಾರೆ ಎನ್ನುತ್ತಾರೆ. ಕರೆದರೂ, ಗಣ್ಯರು ಬರುವ ತನಕ ಜನರನ್ನು ಕೂರಿಸಲು ಕರೆಯುತ್ತಾರೆ. ಅವರ ಕಾರು ಗೇಟಿನೊಳಗೆ ಬಂದರೆ ಅರ್ಧ ವಾಕ್ಯದಲ್ಲಿ ಮೈಕ್ ಕಿತ್ತುಕೊಳ್ಳುತ್ತಾರೆ. ಇದೆಲ್ಲ ನನಗೆ ರೂಢಿಯಾಗಿದೆ. ನನ್ನ ಸಿಟ್ಟು ಇದಕ್ಕಲ್ಲ.

ಈ ವಿದ್ಯೆ ಅಷ್ಟೋ ಇಷ್ಟೋ ನನಗೆ ಬಂದಿದ್ದರೆ ಅದು ಅಪ್ಪನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಂದದ್ದು. ಅಪ್ಪ ತಮಾಷೆ ಮಾಡುವಾಗ ನಗುವುದಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಜೂನ್ ತಿಂಗಳಲ್ಲಿ ಮಕ್ಕಳಿಗೆ ಶೂ ಕೊಡಿಸಲು ಬರುವ ತಾಯಂದಿರು ಎರಡು ವರ್ಷ ಬರಬೇಕು, ದೊಡ್ಡ ಸೈಜ್ ಕೊಡಿ ಎನ್ನುತ್ತಾರಲ್ಲ, ಅವರಿಗೆ ಅಪ್ಪ ಬಹಳ ಕಾಳಜಿಯಿಂದ ಅಡ್ಡಿಲ್ಲ ಅಕ್ಕ, ಆದರೆ ಮೊದಲ ವರ್ಷ ಓಡಬೇಡ ಅಂತ ಮಾಣಿಗೆ ಹೇಳಿ ಎನ್ನುತ್ತಿದ್ದರು. ಆ ತಾಯಿ ತಲೆಯಾಡಿಸಿ, ದುಡ್ಡು ಕೊಟ್ಟು, ಮೆಟ್ಟಿಲು ಇಳಿದ ಮೇಲೆ ನಗು ಬರುತ್ತಿತ್ತು. ರಸ್ತೆಯಲ್ಲಿ ನಿಂತು ತಿರುಗಿ ನೋಡಿ ನಗುತ್ತಿದ್ದರು.

ಅವರ ಎಲ್ಲ ಮಾತುಗಳಲ್ಲಿ ಒಂದು ಮಾತು ನನಗೆ ಬಹಳ ಇಷ್ಟ. ಹಿರೇಕೊಡಿಗೆ ಕಡೆಯ ಒಬ್ಬ ಗೌಡರು, ಹತ್ತಾರು ಆಳುಗಳನ್ನು ಇಟ್ಟು ತೋಟ ಮಾಡುವವರು, ಒಂದು ದಿನ ಬಾರು ಕಿತ್ತ ಚಪ್ಪಲಿ ತಂದು ಕೌಂಟರಿನ ಮೇಲೇ ಇಟ್ಟರು. ಒಂದು ತಿಂಗಳಿಗೇ ಹೀಗಾಯಿತಲ್ಲ ಎಂದು ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದರು. ಅಪ್ಪ ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅತ್ತ ಇತ್ತ ತಿರುಗಿಸಿದರು, ಅಟ್ಟೆ ನೋಡಿದರು, ಸಾಕಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು.

"ನಿಮ್ಮ ಹತ್ರ ಒಂದು ತಿಂಗಳು ತಡ್ಕೊಂಡಿದ್ಯಲ್ಲ ಗೌಡ್ರೆ. ನಿಮ್ಮ ಆಳುಗಳು ಹದಿನೈದು ದಿನ ನಿಲ್ಲೋದಿಲ್ಲ."

ಗೌಡರು ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಪ್ಪ ಬೇರೆ ಜೊತೆ ಕೊಟ್ಟು ಕಳಿಸಿದರು. ಆ ಹೊತ್ತಿಗೆ ಅಂಗಡಿಯಲ್ಲಿ ನಾನಿದ್ದೆ, ಮತ್ತು ಇನ್ನೊಬ್ಬರು ಇದ್ದರು.

ಆ ಇನ್ನೊಬ್ಬರು ನಮ್ಮ ಸೀಮೆಯ ಹೆಸರಾಂತ ಹಾಸ್ಯ ಕಲಾವಿದರು. ಜಯಪುರದ ಕಡೆಯವರು, ಮೊದಲು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು, ಈಗಲೂ ಎಲ್ಲರಿಗೂ ಮೇಷ್ಟ್ರೇ. ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವ, ಸಹಕಾರ ಸಂಘದ ಸಭೆ, ಎಲ್ಲಿ ಮೈಕ್ ಇದೆಯೋ ಅಲ್ಲಿ ಅವರಿರುತ್ತಾರೆ. ಇಸ್ತ್ರಿ ಮಾಡಿದ ಜುಬ್ಬಾ, ಒಳ್ಳೆಯ ಕಂಠ. ಅಪ್ಪನ ಅಂಗಡಿಗೆ ಬಹಳ ವರ್ಷಗಳಿಂದ ಬರುವವರು. ಕೂತು ಚಹಾ ಕುಡಿದು ಹೋಗುವಷ್ಟು ಸಲಿಗೆ.

ಮುಂದಿನ ಗಣೇಶನ ಹಬ್ಬಕ್ಕೆ ಮೇಷ್ಟ್ರ ಹೊಸ ಐಟಂ ಬಂತು. ಹೆಸರು ಸಾಬರ ಚಪ್ಪಲಿ ಅಂಗಡಿ. ಅಂಗಡಿ ನಮ್ಮದೇ, ಸ್ಟೂಲು ನಮ್ಮದೇ, ಬಾರು ಕಿತ್ತ ಚಪ್ಪಲಿಯೂ ಅದೇ. ಸಾಬರಿಗೆ ಮಾತ್ರ ಬಾಯಲ್ಲಿ ಎಲೆ ಅಡಿಕೆ ತುರುಕಿದ ಹಾಗೆ ಒಂದು ದನಿ. ನಮ್ದೂಕೆ ನಿಮ್ದೂಕೆ, ಅರೇ ಗೌಡ್ರೂ ನಮ್ದೂಕೆ ಪೂರಾ ಗ್ಯಾರಂಟಿ. ನಡುನಡುವೆ ಲುಂಗಿ ಎತ್ತಿ ಕಟ್ಟುವುದು. ಅಪ್ಪ ಲುಂಗಿ ಉಟ್ಟು ಅಂಗಡಿಗೆ ಹೋದವರೇ ಅಲ್ಲ. ಈ ದನಿ ಕೊಪ್ಪದಲ್ಲಿ ಯಾರದೂ ಅಲ್ಲ. ಎಲ್ಲೋ ನೋಡಿದ ನಾಟಕದ್ದೋ ಟೀವಿಯದ್ದೋ ಇರಬೇಕು. ಅರ್ಧ ಆಯುಷ್ಯ ಅಪ್ಪನ ಎದುರು ಚಹಾ ಕುಡಿದ ಮನುಷ್ಯನಿಗೆ ಅಪ್ಪನ ದನಿ ಕಿವಿಗೆ ಬಿದ್ದಿರಲಿಲ್ಲ. ಸಾಬರು ಎಂದ ಮೇಲೆ ಹೀಗೇ ಇರಬೇಕು ಎಂದು ಕಿವಿ ಮೊದಲೇ ತೀರ್ಮಾನ ಮಾಡಿತ್ತು.

ಅದನ್ನೂ ನುಂಗಿಕೊಳ್ಳಬಹುದಿತ್ತೇನೋ. ಐಟಮ್ಮಿನ ಕೊನೆಗೆ ಅವರು ಮಾಡಿದ ಕೆಲಸ ಮಾತ್ರ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಪ್ಪನ ಮಾತನ್ನು ಅವರು ಅಪ್ಪನ ಬಾಯಿಂದ ಕಿತ್ತು ಗೌಡರಿಗೆ ಕೊಟ್ಟರು. ಐಟಮ್ಮಿನಲ್ಲಿ ಸಾಬರು ಒಂದು ತಿಂಗಳ ಗ್ಯಾರಂಟಿ ಎಂದು ಬಡಾಯಿ ಕೊಚ್ಚುತ್ತಾರೆ. ಗೌಡರು ನಿಧಾನಕ್ಕೆ, ಅಪ್ಪನ ನಿಧಾನದಲ್ಲೇ, "ತಿಂಗಳು ಎಂತ ಸಾಬ್ರೆ, ನಿಮ್ಮ ಅಂಗಡೀಲಿ ಆಳುಗಳೇ ಹದಿನೈದು ದಿನ ನಿಲ್ಲೋದಿಲ್ಲ" ಎನ್ನುತ್ತಾರೆ. ಸಾಬರು ಕಕ್ಕಾಬಿಕ್ಕಿ. ಜನ ಬಿದ್ದು ಬಿದ್ದು ನಗುತ್ತಾರೆ. ಜಾಣತನ ಅತ್ತ ಹೋಯಿತು, ಪೆದ್ದತನ ಇತ್ತ ಬಂತು. ಜೋಕು ಕದಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕದ್ದ ಜೋಕಿನಿಂದ ಅದನ್ನು ಹುಟ್ಟಿಸಿದವನಿಗೇ ಹೊಡೆದವರನ್ನು ಬೇರೆ ನೋಡಿಲ್ಲ.

ಯಾರೋ ಫೋನಿನಲ್ಲಿ ಹಿಡಿದ ವೀಡಿಯೋ ವಾಟ್ಸಾಪಿನಲ್ಲಿ ಶೃಂಗೇರಿ, ಬಾಳೆಹೊನ್ನೂರು, ಎಲ್ಲ ಕಡೆ ಓಡಾಡಿತು. ಅಂಗಡಿಗೆ ಬರುವವರ ಮಾತು ಬದಲಾಯಿತು. ಅಪ್ಪನ ಜೊತೆ ನೆಟ್ಟಗೆ ಮಾತಾಡಿಕೊಂಡಿದ್ದವರೇ ಮೆಟ್ಟಿಲು ಹತ್ತುತ್ತಲೇ ನಮ್ದೂಕೆ ಶುರು ಮಾಡಿದರು. ಕಾಲೇಜು ಹುಡುಗರು ಫೋನ್ ಎತ್ತಿ ಹಿಡಿದುಕೊಂಡೇ ಒಳಗೆ ಬಂದರು. ಅಪ್ಪ ಮೊದಮೊದಲು ಕೇಳದ ಹಾಗಿದ್ದರು. ಯಾವ ಸೈಜ್ ಎಂದು ಕೇಳಿ ಡಬ್ಬ ಇಳಿಸುತ್ತಿದ್ದರು. ಅವರ ತಮಾಷೆ ನಿಂತೇಹೋಯಿತು. ಅವರು ಎಂತ ಹೇಳಿದರೂ ಜನ ಅದರ ಅರ್ಥಕ್ಕೆ ಕಾಯದೆ ಮೊದಲ ಶಬ್ದಕ್ಕೇ ನಗಲು ತಯಾರಾಗಿ ನಿಂತಿರುತ್ತಿದ್ದರು. ಹಾಗೆ ನಿಂತವರ ಮುಂದೆ ಯಾವ ಹಾಸ್ಯಗಾರನೂ ಹಾಸ್ಯ ಮಾಡಲಾರ.

ಒಂದು ಮಧ್ಯಾಹ್ನ ಊಟದ ಬುತ್ತಿ ಕೊಡಲು ಹೋದಾಗ ಒಳಗಿಂದ ಮೇಷ್ಟ್ರ ದನಿ ಕೇಳಿಸಿತು. ಅರೇ ಅಮ್ಮಾ, ನಮ್ದೂಕೆ ಪೂರಾ ಗ್ಯಾರಂಟಿ. ಇವರು ಯಾಕೆ ಇಲ್ಲಿ ಬಂದು ಐಟಂ ಮಾಡುತ್ತಿದ್ದಾರೆ ಎಂದುಕೊಂಡು ಒಳಗೆ ಕಾಲಿಟ್ಟರೆ ಮೇಷ್ಟ್ರು ಇಲ್ಲ. ಒಂದು ಕುಟುಂಬ ಚಪ್ಪಲಿ ನೋಡುತ್ತ ನಗುತ್ತಿತ್ತು. ದನಿ ಅಪ್ಪನದು.

ಅವರು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಮಾನ ಇಲ್ಲವಾ ಎಂದುಬಿಟ್ಟೆ. ಅಪ್ಪ ಬುತ್ತಿ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡರು.

"ನಗ್ಲಿ ಬಿಡು ಮಗಾ. ನಗ್ತಾ ಇರೋರು ಗಲಾಟೆ ಮಾಡೋದಿಲ್ಲ" ಎಂದರು.

ಆ ವರ್ಷ ನಮ್ಮ ಕಡೆ ಎರಡು ಸಲ ಗಲಾಟೆಯಾಗಿ ಬಜಾರು ಬಾಗಿಲು ಹಾಕಿತ್ತು. ಯಾರ ಅಂಗಡಿಗೆ ಹೋಗಬೇಕು, ಯಾರ ಅಂಗಡಿಗೆ ಹೋಗಬಾರದು ಎಂಬ ಮೆಸೇಜುಗಳು, ಮೇಷ್ಟ್ರ ವೀಡಿಯೋ ಓಡಾಡಿದ ಅದೇ ಗುಂಪುಗಳಲ್ಲಿ ಓಡಾಡಿದ್ದವು. ಅದು ನನಗೂ ಗೊತ್ತಿತ್ತು. ಸಿಟ್ಟು ಮಾತ್ರ ಹಾಗೇ ಇತ್ತು.

ಆ ಸಿಟ್ಟಲ್ಲೇ ನಾನು ನರಸಿಂಹರಾಜಪುರದ ಕಾರ್ಯಕ್ರಮಕ್ಕೆ ಹೋದದ್ದು. ಒಂದು ಯುವಕ ಸಂಘದ ವಾರ್ಷಿಕೋತ್ಸವ, ಭಾನುವಾರ ಬೆಳಗ್ಗೆ. ಸಂಘದ ಕಾರ್ಯದರ್ಶಿ ಒಳ್ಳೆಯ ಹುಡುಗ. ಹೆಗಲ ಮೇಲೆ ಕೈ ಹಾಕಿ, ಮೇಷ್ಟ್ರ ಸಾಬರ ಐಟಂ ನೀವು ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ ಬ್ರದರ್, ನೀವು ಒರಿಜಿನಲ್ ಸಾಬರು ಅಲ್ಲವಾ ಎಂದ. ಅವನ ಮುಖದಲ್ಲಿ ಒಂದಿಷ್ಟೂ ಕೆಟ್ಟತನ ಇರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ, ಇವರ ಮೇಲೆ ಮಾಡಲು ಹೋದರೆ ನಾವೇ ಸಿಡುಕರಾಗಿ ಕಾಣುತ್ತೇವೆ.

ನಾನು ನನ್ನದನ್ನು ಶುರು ಮಾಡಿದೆ. ಶೋರೂಮಿನ ಕಥೆ, ಕಂತಿನ ಬೈಕಿಗೆ ನಿಂಬೆಹಣ್ಣು ಕಟ್ಟಿಸುವವರ ಕಥೆ. ಅಲ್ಲಲ್ಲಿ ನಕ್ಕರು. ಮುಂದಿನ ಸಾಲಿನಿಂದ ಒಬ್ಬರು, ಚಪ್ಪಲಿ ಅಂಗಡಿ ಹೇಳು ಮಾರಾಯ ಎಂದು ಕೂಗಿದರು. ಹಿಂದಿನವರು ಚಪ್ಪಾಳೆ ತಟ್ಟಿದರು. ಸರಿ ಎಂದೆ. ಹೇಳಿದೆ. ನಮ್ದೂಕೆ ಇಲ್ಲದೆ, ಲುಂಗಿ ಇಲ್ಲದೆ, ಅಪ್ಪ ಹೇಳಿದ ಹಾಗೆ ಹೇಳಿದೆ. ಚಪ್ಪಲಿ ತಿರುಗಿಸಿ ನೋಡುವ ಆ ಮೌನವನ್ನೂ ಇಟ್ಟೆ. ಕೊನೆಯ ಮಾತನ್ನು ಅಪ್ಪನ ಬಾಯಿಗೆ ವಾಪಸು ಕೊಟ್ಟೆ.

ಸಭೆಯಲ್ಲಿ ಒಬ್ಬರೂ ನಗಲಿಲ್ಲ. ನನ್ನ ಜೋಕು ಬಿದ್ದುಹೋದದ್ದು ಅದೇ ಮೊದಲೇನಲ್ಲ, ಬಿದ್ದಾಗ ಒಂದು ಬೇಸರದ ಸದ್ದು ಇರುತ್ತದೆ, ಕೆಮ್ಮು, ಕುರ್ಚಿ ಎಳೆದ ಸದ್ದು. ಇದು ಹಾಗಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಳಿದು ಬಂದಾಗ ಊಟದ ಪೆಂಡಾಲಿನ ಹತ್ತಿರ ಒಬ್ಬ ಹಿರಿಯರು ಬುದ್ಧಿ ಹೇಳಿದರು. ಅದು ಮೇಷ್ಟ್ರ ಜೋಕು, ಬೇರೆಯವರದ್ದನ್ನು ಹೇಳಬಾರದು, ಹೇಳಿದರೂ ತಲೆಕೆಳಗು ಮಾಡಬಾರದು ಎಂದರು. ನಾನು ಊಟ ಮಾಡದೆ ಬಸ್ ಹತ್ತಿದೆ.

ಮಾರನೆಯ ದಿನವೇ ಮೇಷ್ಟ್ರ ಮನೆಗೆ ಹೋದೆ. ಜಗಳಕ್ಕೇ ಹೋದದ್ದು. ಅವರು ಒಳಗೆ ಕರೆದು, ಕುರ್ಚಿ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕಣ್ಣರಳಿಸಿ ಕೇಳಿದರು. ಆ ಮಾತು ಅಪ್ಪನದು ಎಂಬುದನ್ನು ಅವರು ಬೇಕೆಂದು ಮುಚ್ಚಿಟ್ಟದ್ದಲ್ಲ. ಅವರಿಗೆ ನಿಜವಾಗಿ ನೆನಪಿರಲಿಲ್ಲ. ಗೌಡರೇ ಹೇಳಿದ್ದಲ್ಲವಾ ಎಂದರು. ಇಷ್ಟು ಸಲ ವೇದಿಕೆಯಲ್ಲಿ ಹೇಳಿ ಹೇಳಿ ಅವರಿಗೇ ಹಾಗೆ ನಂಬಿಕೆಯಾಗಿತ್ತು. ಆಮೇಲೆ ನನ್ನ ಕೈ ಹಿಡಿದುಕೊಂಡು, ನಿಮ್ಮ ಅಪ್ಪನಿಗೆ ನಾನು ಎಷ್ಟು ಹೆಸರು ತಂದಿದ್ದೇನೆ ಗೊತ್ತಾ ಎಂದರು. ಅಲ್ಲೇ ಕೂತು ಶೃಂಗೇರಿಯ ಒಂದು ಸಂಘಕ್ಕೆ ಫೋನ್ ಮಾಡಿ, ಅವರ ಮುಂದಿನ ನಗೆಹಬ್ಬದಲ್ಲಿ ಅಪ್ಪನಿಗೆ ಸನ್ಮಾನ ಗೊತ್ತು ಮಾಡಿದರು. ಜಗಳಕ್ಕೆ ಹೋದವನು ಕಾಫಿ ಕುಡಿದು ಬಂದೆ.

ಅಪ್ಪ ಒಪ್ಪುವುದಿಲ್ಲ ಎಂದುಕೊಂಡಿದ್ದೆ, ಒಪ್ಪಿದರು. ಆಗ ನನಗೆ ಒಂದು ಆಸೆ ಹುಟ್ಟಿತು. ಮೈಕ್ ಹೇಗೂ ಕೊಡುತ್ತಾರೆ, ಎರಡು ಮಾತಾಡಿ ಎನ್ನುತ್ತಾರೆ. ಅಲ್ಲಿ ಅಪ್ಪ ತಮ್ಮ ದನಿಯಲ್ಲಿ, ತಮ್ಮ ಜೋಕನ್ನು, ತಾವೇ ಹೇಳಿಬಿಟ್ಟರೆ ಸಾಕು. ನಾನು ಹೇಳಿದರೆ ನಗದವರು ಅವರು ಹೇಳಿದರೆ ನಗಲೇಬೇಕು, ಅಷ್ಟು ಚೆನ್ನಾಗಿ ಹೇಳುತ್ತಾರೆ. ಇದನ್ನು ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ಹೂಂ ಎಂದರು.

ಮಧ್ಯಾಹ್ನದ ಕಾರ್ಯಕ್ರಮ, ಹಾಲ್ ತುಂಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೇಷ್ಟ್ರು ತಾವೇ ಮೈಕನ್ನು ಅಪ್ಪನ ಎತ್ತರಕ್ಕೆ ತಗ್ಗಿಸಿ ಕೊಟ್ಟರು. ಅಪ್ಪ ಮಾತಾಡಲಿಲ್ಲ. ಆ ಗೆರೆ ಅಲ್ಲಾಡದ ಮುಖದಲ್ಲಿ ಸಭೆಯನ್ನು ನೋಡುತ್ತ ನಿಂತರು. ನಾವು ವೇದಿಕೆಯವರು ಮೌನಕ್ಕೆ ಬಹಳ ಹೆದರುತ್ತೇವೆ, ಒಂದು ಉಸಿರು ಜಾಸ್ತಿಯಾದರೆ ಅಂಗೈ ಬೆವರುತ್ತದೆ. ಅಪ್ಪ ಹೆದರಲಿಲ್ಲ. ಜನ ಮಾತು ನಿಲ್ಲಿಸಿ ಮುಂದಕ್ಕೆ ಬಾಗುವ ತನಕ ಕಾದರು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತ್ತು.

ಆಮೇಲೆ ಅವರು ಬಾಯಿ ತೆರೆದರು. ಅರೇ ಗೌಡ್ರೂ, ನಮ್ದೂಕೆ ಪೂರಾ ಗ್ಯಾರಂಟಿ.

ಹಾಲ್ ನಗೆಯಿಂದ ಬಿರಿದುಹೋಯಿತು. ಮೇಷ್ಟ್ರು ಒಂದು ಚಪ್ಪಲಿ ಹಿಡಿದು ಕುಣಿಯುತ್ತ ಬಂದು ಎದುರಿಗೆ ಗೌಡರಾಗಿ ನಿಂತರು. ಅಪ್ಪ ಅವರನ್ನು ಬೆರಳ ತುದಿಯಲ್ಲಿ ಆಡಿಸಿದರು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಯಾವ ನಗು ಇಳಿಯುವ ಮೊದಲು ಮುಂದಿನದನ್ನು ಇಡಬೇಕು, ಎಲ್ಲ ಗೊತ್ತಿತ್ತು. ಮೇಷ್ಟ್ರು ಜನ್ಮದಲ್ಲಿ ಅಷ್ಟು ಚೆನ್ನಾಗಿ ಆ ಐಟಂ ಮಾಡಿಲ್ಲ. ಶಿವಮೊಗ್ಗದಲ್ಲಿ ನಾನು ನೋಡಿದ ಯಾರೂ ಆ ಮಟ್ಟದಲ್ಲಿಲ್ಲ. ನನ್ನ ಪಕ್ಕದವರು ನಗು ತಡೆಯಲಾರದೆ ನನ್ನ ತೊಡೆಗೆ ಹೊಡೆಯುತ್ತಿದ್ದರು. ಕೊನೆಯ ಮಾತಿನ ಜಾಗ ಬಂತು. ಅಪ್ಪ ಚಪ್ಪಲಿಯನ್ನು ತಿರುಗಿಸಿ ನೋಡಿದರು. ಮೌನ ಮಾಡಿದರು. ಈಗ ಹೇಳುತ್ತಾರೆ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅವರು ಮೇಷ್ಟ್ರ ಕಡೆ ನೋಡಿದರು, ಸ್ವಲ್ಪ ತಲೆ ಬಗ್ಗಿಸಿದರು. ಮೇಷ್ಟ್ರು ಆ ಮಾತು ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಹರಿಹರಪುರ ದಾಟಿದ ಮೇಲೆ ಅವರೇ ಶುರು ಮಾಡಿದರು, ಅವರದೇ ದನಿಯಲ್ಲಿ, ಮೆಲ್ಲಗೆ.

"ನರಸಿಂಹರಾಜಪುರದಲ್ಲಿ ನೀನು ಸರಿಯಾಗೇ ಹೇಳಿದ್ಯಂತೆ. ಕೇಳ್ದೋರು ಹೇಳಿದ್ರು."

"ಯಾರೂ ನಗಲಿಲ್ಲ ಬಾಪ" ಎಂದೆ.

"ನಗೋದಿಲ್ಲ. ಅಂಗಡೀಲಿ ಗೌಡ್ರ ಹತ್ರ ನಾನು ಹೇಳಿದ್ರೆ ಅದು ತಮಾಷೆ, ನಾವ್ ನಾವೇ. ಅಷ್ಟು ಜನರ ಎದುರು ನಾನು ಹೇಳಿದ್ರೆ, ಈ ಸಾಬಂಗೆ ಎಷ್ಟು ಸೊಕ್ಕು ಅಂತಾರೆ. ಅದ್ನ ಹೇಳೋಕೆ ಮೇಷ್ಟ್ರೇ ಆಗ್ಬೇಕು ಮಗಾ."

ಅಷ್ಟು ಹೇಳಿ ಅವರು ಬುಟ್ಟಿಯ ಪ್ಲಾಸ್ಟಿಕ್ ಹರಿದು ಒಂದು ಕಿತ್ತಳೆ ತೆಗೆದು ಸುಲಿಯತೊಡಗಿದರು. ಜನರ ಮೇಲೆ, ಮೇಷ್ಟ್ರ ಮೇಲೆ, ಅಪ್ಪನ ಮೇಲೆ ಇಷ್ಟು ದಿನ ನಾನು ಹಂಚಿ ಹಂಚಿ ಇಟ್ಟುಕೊಂಡಿದ್ದ ಸಿಟ್ಟಿಗೆಲ್ಲ ಆ ಮಾತಿನಲ್ಲಿ ಉತ್ತರ ಇತ್ತು, ಮತ್ತು ಆ ಉತ್ತರ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಹುಟ್ಟುವ ಮೊದಲಿಂದ ಈ ಊರಲ್ಲಿ ಅಂಗಡಿ ಇಟ್ಟುಕೊಂಡಿರುವ ಮನುಷ್ಯ, ಯಾವ ಮಾತನ್ನು ಎಷ್ಟು ಜನರ ಎದುರು ಆಡಬಹುದು ಎಂದು ಅಳೆದು ಅಳೆದು ಬದುಕಿದ್ದಾರೆ. ಅವರ ಆ ನಿಧಾನವನ್ನು, ಆ ದೊಡ್ಡ ಮೌನವನ್ನು ನಾನು ಕಲೆ ಎಂದುಕೊಂಡು ಕಲಿತಿದ್ದೆ. ಅಷ್ಟೂ ಹೊತ್ತು ಅವರು ಎದುರಿಗಿದ್ದವರ ಮುಖ ನೋಡಿ, ಹೇಳಬಹುದಾ ಬೇಡವಾ ಎಂದು ಲೆಕ್ಕ ಹಾಕುತ್ತಿದ್ದರು.