ಬಾಗಿದ ಪಿನ್ನು

ಆರ್.ಟಿ. ನಗರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ನಾನು ಬಹಳ ವರ್ಷ ಕಂಪ್ಯೂಟರ್ ಪಾಠ ಮಾಡಿದೆ. ಕೊರೊನಾ ಕಾಲದ ನಂತರ ಮಕ್ಕಳು ಕಡಿಮೆಯಾಗುತ್ತ ಬಂದು ಶಾಲೆ ಮುಚ್ಚಿತು. ನಲವತ್ತು ದಾಟಿದವಳನ್ನು ಬೇರೆ ಶಾಲೆಯವರು ತೆಗೆದುಕೊಳ್ಳಲಿಲ್ಲ. ಪರಿಚಯದವರೊಬ್ಬರ ಮಾತು ಕೇಳಿ, ಏರ್‌ಪೋರ್ಟ್ ರಸ್ತೆಯಲ್ಲಿ ಹುಣಸಮಾರನಹಳ್ಳಿಗಿಂತ ಸ್ವಲ್ಪ ಈಚೆಗಿರುವ ಒಂದು ಡೇಟಾ ಸೆಂಟರ್‌ಗೆ ಅರ್ಜಿ ಹಾಕಿದೆ. ಟ್ರೈನಿ ಅಂತ ಸೇರಿಸಿಕೊಂಡರು. ನನಗೆ ಕೆಲಸ ಕಲಿಸಬೇಕಾಗಿದ್ದ ಇಂಜಿನಿಯರು ಮೊದಲ ದಿನ ನನ್ನನ್ನು ನೋಡಿದವನೇ ಕುರ್ಚಿಯಿಂದ ಎದ್ದು ನಿಂತ.

"ಮಿಸ್! ನೀವಾ?"

ಏಳನೇ ಕ್ಲಾಸಿನಲ್ಲಿ ಮೌಸಿನ ಬಾಲ ಹಿಡಿದು ಗರಗರ ತಿರುಗಿಸುತ್ತಿದ್ದ ಹುಡುಗ. ಈಗ ಗಡ್ಡ ಬಿಟ್ಟಿದ್ದ, ಕೊರಳಲ್ಲಿ ಐಡಿ ಕಾರ್ಡು. ಎಲ್ಲರಂತೆ ನಾನೂ ಅವನನ್ನು ಸರ್ ಎಂದು ಕರೆಯಲು ಹೋದೆ. ಅವನ ಮುಖ ಸಣ್ಣದಾಯಿತು. "ಮಿಸ್, ಪ್ಲೀಸ್, ಸರ್ ಗಿರ್ ಅನ್ಬೇಡಿ. ನಂಗೆ ಒಂಥರಾ ಆಗತ್ತೆ." ಹಾಗಾಗಿ ಇಬ್ಬರೇ ಇದ್ದಾಗ 'ನೀನು' ಎನ್ನುತ್ತಿದ್ದೆ. ನಾಲ್ಕು ಜನರ ಮುಂದೆ ಅವನನ್ನು ಹೇಗೂ ಕರೆಯದೆ ಮಾತು ಮುಗಿಸುತ್ತಿದ್ದೆ.

ನಾನು ಕಲಿಯಬೇಕಾಗಿದ್ದು ಬ್ಲೇಡ್ ಸರ್ವರ್‌ಗಳನ್ನು ಕೂರಿಸಿ ಚಾಲೂ ಮಾಡುವ ಕೆಲಸ. ಬ್ಲೇಡ್ ಅಂದರೆ ತೆಳ್ಳಗಿನ, ಉದ್ದನೆಯ ಕಂಪ್ಯೂಟರು. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಅವುಗಳನ್ನು ಒಂದು ದೊಡ್ಡ ಉಕ್ಕಿನ ಪೆಟ್ಟಿಗೆಯೊಳಕ್ಕೆ ತಳ್ಳಬೇಕು. ಕರೆಂಟು, ಗಾಳಿ, ನೆಟ್‌ವರ್ಕ್ ಎಲ್ಲ ಪೆಟ್ಟಿಗೆಯದೇ. ಇಷ್ಟು ನನಗೆ ಬೇಗ ತಿಳಿಯಿತು. ಕಷ್ಟವಾದದ್ದು ಆಮೇಲಿನದು. ಆ ಬ್ಲೇಡು ಯಾರು, ಅದರ ವಿಳಾಸ ಯಾವುದು, ಯಾವ ಡಿಸ್ಕಿನಿಂದ ಚಾಲೂ ಆಗಿ ಎಚ್ಚರವಾಗಬೇಕು ಎಂಬುದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕೂತು ಬರೆದು ಅದಕ್ಕೆ ಅಂಟಿಸಬೇಕು. ಅದಕ್ಕೆ ಪ್ರೊಫೈಲ್ ಅನ್ನುತ್ತಾರೆ. ಅಲ್ಲಿಯತನಕ ಆ ಯಂತ್ರ ಯಾರೂ ಅಲ್ಲ. ಒಂದು ಕಡೆ ಕೆಂಪು ಗುರುತು ಬಂದರೆ ಅದನ್ನು ಸರಿಪಡಿಸುವಷ್ಟರಲ್ಲಿ ಇನ್ನೆರಡು ಕಡೆ ಬರುತ್ತಿತ್ತು. ಕಂಪ್ಯೂಟರ್ ಅಂದರೆ ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ವಸ್ತು ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು, ಗುಂಡಿಯೇ ಕಾಣದ ಜಾಗದಲ್ಲಿ ಬಂದು ಕೂತಿದ್ದೆ.

"ಅರ್ಥ ಆಯ್ತಾ ಮಿಸ್?"

"ಆಯ್ತು."

ಆಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸುಳ್ಳು 'ಆಯ್ತು' ಕೇಳಿದಾಗ ಮೇಷ್ಟ್ರ ದನಿ ಏರಬೇಕು. ಅವನ ದನಿ ಏರಲಿಲ್ಲ. ಸರ್ವರ್‌ಗಳಿದ್ದ ಹಾಲ್‌ನೊಳಗೆ ಫ್ಯಾನುಗಳ ಗದ್ದಲಕ್ಕೆ ಕೂಗಿಯೇ ಮಾತಾಡಬೇಕಿತ್ತು. ಅಲ್ಲೂ ಅವನು ಮರ್ಯಾದೆಯಿಂದಲೇ ಕೂಗುತ್ತಿದ್ದ. ನನ್ನನ್ನು ಬಯ್ಯಲಾರದೆ, ನನ್ನ ಕೆಲಸವನ್ನು ತಾನೇ ನಿಧಾನವಾಗಿ ಇನ್ನೊಮ್ಮೆ ಮಾಡಿ ತೋರಿಸುತ್ತಿದ್ದ. ನಾನು ಕೈಕಟ್ಟಿ ನೋಡುತ್ತಿದ್ದೆ.

ಆಗ ಒಂದು ಗಿರಾಕಿ ಕಂಪನಿಯ ಹೊಸ ಪೆಟ್ಟಿಗೆ ಬಂತು. ಅದನ್ನು ರ‍್ಯಾಕಿಗೆ ಏರಿಸಿದ ಮೇಲೆ ಅವನು ಉತ್ಸಾಹದಿಂದ ಮೊದಲ ಬ್ಲೇಡನ್ನು ಕೈಗೆತ್ತಿಕೊಂಡ. "ನೋಡಿ ಮಿಸ್, ಮುಂದಿರೋ ಈ ಲಿವರ್ ಪೂರ್ತಿ ತೆರೀಬೇಕು. ನೆಟ್ಟಗೆ ತಳ್ಬೇಕು. ಕ್ಲಿಕ್ ಅನ್ನೋವರ್ಗೂ." ಅವನು ಒಂದನ್ನು ಹಾಕಿದ. ಉಳಿದವನ್ನು ನನ್ನ ಕೈಯಲ್ಲೇ ಹಾಕಿಸಿದ. ನಾನು ಹಾಕಿದವೆಲ್ಲ ಎಚ್ಚರವಾದವು. ಅವನು ಹಾಕಿದ್ದು ಮಾತ್ರ ಆಗಲಿಲ್ಲ.

ಪ್ರೊಫೈಲ್ ಬರೆದವಳು ನಾನು, ತಪ್ಪು ಅಲ್ಲೇ ಇರಬೇಕು ಅಂದುಕೊಂಡೆ. ಅಳಿಸಿ ಮತ್ತೆ ಬರೆದೆ. ಆ ವಾರವೆಲ್ಲ ಅದೇ ಕೆಲಸ. ಮನೆಗೆ ಹೋಗುವಾಗ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ನಾನು ಮಗ್ಗಿ ಹೇಳಿಕೊಳ್ಳುವವಳಂತೆ ಒಂದೊಂದೇ ಹಂತವನ್ನು ಗೊಣಗಿಕೊಳ್ಳುತ್ತಿದ್ದೆ. ಎಲ್ಲಿ ತಪ್ಪಿದೆನೆಂದು ತಿಳಿಯುತ್ತಿರಲಿಲ್ಲ. ಬೇರೆಯವರು ನೋಡಿ, ಪ್ರೊಫೈಲ್ ಸರಿಯಾಗೇ ಇದೆಯಲ್ಲ ಅಂದರು. ನನಗೆ ನಂಬಿಕೆ ಬರಲಿಲ್ಲ.

ಕೊನೆಗೆ ಪೆಟ್ಟಿಗೆ ಮಾರಿದ ಕಂಪನಿಯಿಂದ ಇಂಜಿನಿಯರೊಬ್ಬರು ಬಂದರು. ಬ್ಲೇಡನ್ನು ಹೊರಗೆಳೆದು, ಖಾಲಿ ಜಾಗದೊಳಕ್ಕೆ ಟಾರ್ಚ್ ಬಿಟ್ಟು, "ಬನ್ನಿ, ನೋಡಿ" ಅಂದರು. ಆಳದಲ್ಲಿ, ಬ್ಲೇಡು ಹೋಗಿ ಕಚ್ಚಿಕೊಳ್ಳುವ ಬೋರ್ಡಿನಲ್ಲಿ, ಕೂದಲೆಳೆಯಂಥ ಒಂದು ಪಿನ್ನು ಬಾಗಿತ್ತು. ಅದನ್ನು ನೆಟ್ಟಗೆ ಮಾಡುವ ಹಾಗಿರಲಿಲ್ಲ. ಎಲ್ಲ ಬ್ಲೇಡುಗಳನ್ನೂ ಬಿಚ್ಚಿ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸಬೇಕಿತ್ತು.

ಸುದ್ದಿ ತಿಳಿದು ಗಿರಾಕಿ ಕಂಪನಿಯ ಮ್ಯಾನೇಜರು ಬಂದರು. ಹಾಲ್‌ನ ಹೊರಗಿನ ಪಡಸಾಲೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿದರು.

"ಯಾರ್ರೀ ಅದನ್ನ ಹಾಕಿದ್ದು?"

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಹೊಸಬಳು ನಾನೇ ತಾನೇ.

"ನಾನು ಸರ್," ಅಂದ ಅವನು.

"ಇಷ್ಟು ವರ್ಷ ಎಕ್ಸ್‌ಪೀರಿಯನ್ಸ್ ಇಟ್ಕೊಂಡು ಒಂದು ಬ್ಲೇಡ್ ತಳ್ಳೋಕೆ ಬರಲ್ವೇನ್ರೀ ನಿಮ್ಗೆ?"

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. "ಸರ್, ಲಾರೀಲಿ ಬರೋವಾಗ್ಲೇ ಬಾಗಿದ್ದಿರಬಹುದಲ್ವಾ? ಅವನು ನಿಧಾನವಾಗೇ ಹಾಕಿದ. ನಾನು ಪಕ್ಕದಲ್ಲೇ ಇದ್ದೆ."

ಅಷ್ಟು ಜನರ ಮುಂದೆ 'ಅವನು' ಬಾಯಿಂದ ಬಂದುಬಿಟ್ಟಿತ್ತು. ಮ್ಯಾನೇಜರು ನನ್ನತ್ತ ತಿರುಗಿದರು. "ನೀವ್ಯಾರು ಮೇಡಂ?"

"ಟ್ರೈನಿ."

"ಹಂಗಿದ್ರೆ ಸುಮ್ನಿರಿ."

ಬಂದಾಗಲೇ ಬಾಗಿತ್ತೋ, ಹಾಕುವಾಗ ಬಾಗಿತೋ ಹೇಳಲಾಗದು ಎಂದು ಹೊರಗಿನ ಇಂಜಿನಿಯರೂ ಹೇಳಿದರು. ಅದು ಯಾರಿಗೂ ಬೇಕಾಗಿರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತಿದ್ದ. ಎರಡು ಟೀ ತಂದು ಎದುರಿಗೆ ಕೂತೆ.

"ಬಿಡಿ ಮಿಸ್," ಅಂದ. "ಹಾಕೋಕೆ ಮುಂಚೆ ಟಾರ್ಚ್ ಬಿಟ್ಟು ನೋಡ್ಬೇಕು. ಯಾವಾಗ್ಲೂ ನೋಡ್ತೀನಿ. ಅವತ್ತು ನಿಮ್ಗೆ ತೋರ್ಸೋ ಖುಷೀಲಿ ಮರ್ತೋದೆ."



ಅವನನ್ನು ಊರಿನ ಇನ್ನೊಂದು ತುದಿಯಲ್ಲಿ, ವೈಟ್‌ಫೀಲ್ಡ್ ಕಡೆಯ ಸೆಂಟರ್‌ಗೆ ಹಾಕಿದರು. ನಾನು ನಮ್ಮ ಮೇಲಿನವರ ಹತ್ತಿರ ಹೋಗಿ ಕೇಳಿಕೊಂಡೆ. ಅವರು ಕುರ್ಚಿ ಕೊಟ್ಟು, ಪೂರ್ತಿ ಕೇಳಿ, "ನಮ್ ಕೈಲಿಲ್ಲ ಮೇಡಂ, ಮೇಲಿಂದ ಬಂದಿರೋದು" ಅಂದರು. ಎದ್ದು ಬಂದೆ.

ಬದಲಿ ಪೆಟ್ಟಿಗೆ ಬಂದಾಗ ಬೇರೆ ಒಬ್ಬ ಸೀನಿಯರ್ ನನ್ನ ಜೊತೆಗಿದ್ದರು. ಅವರಿಗೆ ನಾನು ಮಿಸ್ ಅಲ್ಲ. ತಪ್ಪಿದ ಕಡೆಯೆಲ್ಲ ಮುಖ ಮೋರೆ ನೋಡದೆ ಬಯ್ದರು, ಬಯ್ದ ಕಡೆಯೆಲ್ಲ ನಾನು ಕಲಿತೆ. ಬ್ಲೇಡುಗಳೆಲ್ಲ ಒಂದಾದ ಮೇಲೊಂದು ಎಚ್ಚರವಾಗಿ ಪರದೆಯ ತುಂಬ ಹಸಿರು ತುಂಬಿಕೊಂಡಿತು. "ಪರ್ವಾಗಿಲ್ವೇ, ಚೆನ್ನಾಗ್ ಹೇಳ್ಕೊಟ್ಟಿದಾರೆ ನಿಮ್ಗೆ ಯಾರೋ" ಅಂದರು. ಯಾರು ಎಂದು ಕೇಳಲಿಲ್ಲ.

ಆ ಸಂಜೆ ಅವನಿಗೆ ಫೋನ್ ಮಾಡಿದೆ. ಖುಷಿಪಟ್ಟ. ಅಲ್ಲಿ ಬರೀ ಕೇಬಲ್ಲುಗಳಿಗೆ ಚೀಟಿ ಅಂಟಿಸುವ ಕೆಲಸವಂತೆ. ಓಡಾಟ ದೂರವೆಂದು ಅಲ್ಲೇ ರೂಮು ಮಾಡಿದ್ದನಂತೆ. ಫೋನಿಡುವ ಮುಂಚೆ ದನಿ ತಗ್ಗಿಸಿ, "ಮಿಸ್, ಅಮ್ಮ ಸಿಕ್ರೆ ಏನೂ ಹೇಳ್ಬೇಡಿ. ಪ್ರಮೋಷನ್ ಅಂತ ಹೇಳಿದೀನಿ" ಅಂದ.

ಅವನ ತಾಯಿ ಇರುವುದು ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ. ಮುಂದಿನ ಭಾನುವಾರವೇ ತರಕಾರಿ ಅಂಗಡಿಯಲ್ಲಿ ಸಿಕ್ಕರು. ಶಾಲೆಯ ದಿನಗಳಲ್ಲಿ ಮಗನ ಮೇಲೆ ದೂರು ಕೇಳಲು ಬರುತ್ತಿದ್ದ ಅದೇ ಹೆಂಗಸು.

"ನಮ್ಮುಡ್ಗಂಗೆ ಪ್ರಮೋಷನ್ ಆಯ್ತಂತೆ ಮಿಸ್! ನೀವು ಅವತ್ತು ತಿದ್ದಿದ್ದಕ್ಕೇ ಇವತ್ತು ಇಂಗಾಗಿರೋದು."

"ಹೌದಮ್ಮ, ಒಳ್ಳೇದಾಯ್ತು," ಅಂದೆ.

ಬೇಡವೆಂದರೂ ಕೇಳದೆ, ಅವರು ಒಂದು ಕಟ್ಟು ಕೊತ್ತಂಬರಿ ಸೊಪ್ಪು ತೆಗೆದು ನನ್ನ ಚೀಲದೊಳಕ್ಕೆ ತುರುಕಿದರು.